ಚಿರತೆಯೂ ಚೀಟಿ ದುಡ್ಡೂ

1926ನೆಯ ಇಸವಿಯ ಮೇ ತಿಂಗಳಲ್ಲಿ ಚಿರತೆಗೆ ಸಂಬಂಧಪಟ್ಟ ಎರಡು ಸಂಗತಿಗಳು ನಡೆದವು. ಮೇ 2ರ ರಾತ್ರಿ ಗಢವಾಲದ ರುದ್ರಪ್ರಯಾಗದ ಹತ್ತಿರ ಮಾವಿನ ಮರವೊಂದರ ಮೇಲೆ ಕುಳಿತಿದ್ದ ಜಿಮ್ ಕಾರ್ಬೆಟ್, ಎಂಟು ವರ್ಷ ಆ ಸೀಮೆಯ ಜನರ ನಿದ್ದೆ ಕೆಡಿಸಿದ್ದ ನರಭಕ್ಷಕ ಚಿರತೆಯನ್ನು ಹೊಡೆದ. ಸರ್ಕಾರದ ಲೆಕ್ಕದಲ್ಲೇ ಅದು 125 ಜನರನ್ನು ಕೊಂದಿತ್ತು. ಅದೇ ತಿಂಗಳ 31ರಂದು ದಕ್ಷಿಣ ಆಫ್ರಿಕಾದ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿ, ಕ್ರೂಗರ್ ರಾಷ್ಟ್ರೀಯ ಉದ್ಯಾನವನ್ನು ಸ್ಥಾಪಿಸಿತು. ಮೊದಲನೆಯ ಸಂಗತಿ ನಮ್ಮವರಿಗೆ ಚೆನ್ನಾಗಿ ಗೊತ್ತು. ತೇಜಸ್ವಿಯವರು ಅದನ್ನು ಕನ್ನಡಕ್ಕೆ ತಂದ ಮೇಲೆ ರಾತ್ರಿ ಬಚ್ಚಲಿಗೆ ಹೋಗಲೂ ಹೆದರಿದವರು ನಮ್ಮ ಹಾಸ್ಟೆಲಿನಲ್ಲಿ ಎಷ್ಟೋ ಜನ. ಎರಡನೆಯದು ನನಗೂ ಗೊತ್ತಿರಲಿಲ್ಲ, ಮೊನ್ನೆ ಮೊನ್ನೆಯವರೆಗೆ. ಚಿರತೆ ಸತ್ತಿತೆಂದು ಜನ ಹೂವೆರಚಿದ ತಿಂಗಳಲ್ಲೇ, ಬೇರೊಂದು ಖಂಡದಲ್ಲಿ ಚಿರತೆ ಬದುಕಿರಲಿ, ಜನ ಬಂದು ಅದನ್ನು ನೋಡಲಿ ಎಂಬ ಕಾನೂನು. ಯಾವ ಜನ ಎಂಬುದನ್ನು ಆಮೇಲೆ ಹೇಳುತ್ತೇನೆ.

ಇದನ್ನೆಲ್ಲ ನಾನು ಕೆದಕಲು ಹೋದದ್ದು ಪಾಠಕ್ಕಾಗಿ ಅಲ್ಲ. ನಮ್ಮ ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲಿ ಸೈನ್ಸ್ ಮೇಡಂ, ಹಿಂದಿ ಮೇಡಂ ಮತ್ತು ನಾನು ಸೇರಿ ನಾಲ್ಕು ವರ್ಷದಿಂದ ಒಂದು ಚೀಟಿ ಹಾಕುತ್ತಿದ್ದೆವು. ಬೇರೆ ಚೀಟಿಗಳ ದುಡ್ಡು ಮದುವೆಗೋ ಮನೆಯ ಸಜ್ಜಕ್ಕೋ ಹೋಗುತ್ತದೆ. ಈ ದುಡ್ಡನ್ನು ಮಕ್ಕಳು ಕೇಳಬಾರದು, ಗಂಡಂದಿರು ನೋಡಬಾರದು ಎಂದು ಮೊದಲೇ ಮಾತಾಗಿತ್ತು. 2024ರ ದಸರಾ ರಜೆಯಲ್ಲಿ ಆಫ್ರಿಕಾಕ್ಕೆ ಹೋಗಿ ಚಿರತೆಯನ್ನು ಕಣ್ತುಂಬ ನೋಡಿಬರುವುದೆಂದು ತೀರ್ಮಾನವಾಯಿತು. ಸಿಂಹ, ಆನೆ, ಜಿರಾಫೆ ಕಂಡರೆ ಬೇಡವೆನ್ನುವುದಿಲ್ಲ. ಆದರೆ ಹೊರಟದ್ದು ಚಿರತೆಗೆ.

ಕೇಳಿದವರೆಲ್ಲ ನಕ್ಕರು. ನಿಮ್ಮ ತಿಪಟೂರಿನ ತೋಟದೊಳಗೇ ಬರುತ್ತದಲ್ಲ, ಅದಕ್ಕೆ ಆಫ್ರಿಕಾ ಯಾಕೆ ಎಂದರು. ನಿಜವೇ. 2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 1,879 ಚಿರತೆಗಳಿವೆ, ಮಧ್ಯಪ್ರದೇಶ, ಮಹಾರಾಷ್ಟ್ರ ಬಿಟ್ಟರೆ ನಾವೇ. ನಮ್ಮ ಜಿಲ್ಲೆಯ ಕಲ್ಲುಗುಡ್ಡಗಳಲ್ಲಿ ಅವು ಹಿಂದಿನಿಂದಲೂ ಇವೆ. ಆದರೆ ನಾವು ಅವನ್ನು ನೋಡುವುದು ಎಲ್ಲಿ? ಬೋನಿನಲ್ಲಿ, ಇಲ್ಲವೇ ಪತ್ರಿಕೆಯ ಜಿಲ್ಲಾ ಪುಟದಲ್ಲಿ. 2019-20ರಲ್ಲಿ ತುಮಕೂರು ತಾಲ್ಲೂಕಿನ ಹಳ್ಳಿಗಳಲ್ಲಿ ಚಿರತೆಯಿಂದ ಜನ ಸತ್ತಾಗ ನಮ್ಮ ಶಾಲೆಯ ಹೆಣ್ಣುಮಕ್ಕಳು ಸಂಜೆಯ ವಿಶೇಷ ತರಗತಿಗೆ ಉಳಿಯುವುದನ್ನೇ ಬಿಟ್ಟಿದ್ದರು. ಕಬಿನಿ ಹಿನ್ನೀರಿಗೂ ಎರಡು ಸಲ ಹೋಗಿದ್ದೇವೆ. ಮೊದಲ ಸಲ ಏನೂ ಕಾಣಲಿಲ್ಲ, ಎರಡನೆಯ ಸಲ ಒಂದು ಬಾಲ ಕಂಡಿತು. ಹೆದರದೆ, ಆತುರವಿಲ್ಲದೆ, ಅರ್ಧ ಗಂಟೆ ಚಿರತೆಯ ಮುಖವನ್ನು ನೋಡಬೇಕೆಂಬುದು ನನಗೆ ಹಳೆಯ ಆಸೆ. (ಚಿರತೆ ಎಂದರೆ ಚೀತಾ ಅಲ್ಲ. ಚೀತಾ ಓಡುವ ಪ್ರಾಣಿ, ಕಣ್ಣಿನಿಂದ ಬಾಯಿಯವರೆಗೆ ಕಾಡಿಗೆ ಕರಗಿ ಇಳಿದಂಥ ಗೆರೆ ಇರುತ್ತದೆ. ನಮ್ಮ ಚಿರತೆ ಮರ ಹತ್ತುವ ಪ್ರಾಣಿ, ಹಿಂದಿಯವರ ತೇಂದುವಾ. ಈ ಹೆಸರಿನ ಗೊಂದಲದಲ್ಲಿ ಹಿಂದಿ ಮೇಡಂ ಮೊದಲ ಒಂದು ತಿಂಗಳು ಬೇರೆಯೇ ಪ್ರಾಣಿಯನ್ನು ನೋಡಲು ತಯಾರಾಗುತ್ತಿದ್ದರು.)

ಟ್ರಾವೆಲ್ಸಿನವರಿಂದ ತರಿಸಿದ ದರಪಟ್ಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಾಗ ನನಗೆ ಆಶ್ಚರ್ಯವಾದದ್ದು ಬೆಲೆಯ ಅಂತರ. ಅದೇ ಚಿರತೆ, ಅದೇ ಮರ. ಒಂದು ಕಡೆ ರಾತ್ರಿಗೆ ನಮ್ಮ ಮೈಸೂರಿನ ಲಾಡ್ಜಿಗೆ ಕೊಡುವಷ್ಟು, ಇನ್ನೊಂದು ಕಡೆ ನನ್ನ ಒಂದು ತಿಂಗಳ ಸಂಬಳವೂ ಸಾಲದಷ್ಟು. ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು? ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುವವಳಿಗೆ ಇಂಥ ಪ್ರಶ್ನೆ ಒಮ್ಮೆ ಹೊಕ್ಕರೆ ಬಿಡುವುದಿಲ್ಲ.

ಸಫಾರಿ ಎಂಬ ಮಾತು ಸ್ವಾಹಿಲಿ ಭಾಷೆಯದು, ಅದರ ಬೇರು ಅರಬ್ಬಿಯಲ್ಲಿದೆ. ಹಿಂದಿ ಸಿನಿಮಾ ಹಾಡುಗಳಲ್ಲಿ ಕೇಳುವ ಸಫರ್ ಎಂಬ ಪದದ ಅಕ್ಕನೋ ತಂಗಿಯೋ ಅದು. ಪ್ರಯಾಣ, ಅಷ್ಟೇ. ಬಿಳಿಯರ ಕೈಗೆ ಸಿಕ್ಕಿದ ಮೇಲೆ ಅದರ ಅರ್ಥ ಬೇಟೆಯ ಪ್ರಯಾಣ ಎಂದಾಯಿತು. ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಮೊಂಬಾಸಾದಲ್ಲಿ ಇಳಿದು, ನಮ್ಮ ದೇಶದಿಂದ ಹೋದ ಸುಮಾರು 32 ಸಾವಿರ ಕೂಲಿಗಳು ಕಟ್ಟಿದ ರೈಲಿನಲ್ಲಿ ಒಳನಾಡಿಗೆ ಹೋದ. ಆ ರೈಲುದಾರಿ ಹಾಕುವಾಗ ಎರಡೂವರೆ ಸಾವಿರದಷ್ಟು ಕೂಲಿಗಳು ಸತ್ತಿದ್ದರು. ಅಪ್ಪ ಮಗ ಸೇರಿ ಐನೂರಕ್ಕೂ ಹೆಚ್ಚು ದೊಡ್ಡ ಪ್ರಾಣಿಗಳನ್ನು ಕೊಂದರು, ವಸ್ತುಸಂಗ್ರಹಾಲಯಕ್ಕಂತೆ. ಇವತ್ತಿಗೂ ಎಲ್ಲ ದರಪಟ್ಟಿಯಲ್ಲಿ ‘ಬಿಗ್ ಫೈವ್’ ಎಂದು ಬರೆದಿರುತ್ತಾರಲ್ಲ, ಅದು ಬೇಟೆಗಾರರು ಕಟ್ಟಿದ ಮಾತು. ಕಾಲ್ನಡಿಗೆಯಲ್ಲಿ ಹೊಡೆಯಲು ಹೋದರೆ ತಿರುಗಿ ಬೀಳುವ ಐದು ಪ್ರಾಣಿಗಳು: ಸಿಂಹ, ಚಿರತೆ, ಆನೆ, ಖಡ್ಗಮೃಗ, ಕಾಡೆಮ್ಮೆ. ನೋಡಲು ಚೆಂದವೆಂದು ಮಾಡಿದ ಪಟ್ಟಿಯಲ್ಲ.

ಚಿರತೆಗೆ ಬೇಟೆಗಾರನಿಗಿಂತ ದೊಡ್ಡ ಶತ್ರು ಬಂದದ್ದು ಆಮೇಲೆ, ಅದೂ ಹೆಂಗಸರ ಬಟ್ಟೆಯ ರೂಪದಲ್ಲಿ. 1962ರಲ್ಲಿ ಅಧ್ಯಕ್ಷ ಕೆನಡಿಯವರ ಪತ್ನಿ ಜಾಕ್ವೆಲಿನ್ ಚಿರತೆ ಚರ್ಮದ ಕೋಟು ತೊಟ್ಟರು. ಅವರು ತೊಟ್ಟದ್ದನ್ನು ಎಲ್ಲರೂ ತೊಡುವ ಕಾಲ ಅದು. 1968, 1969 ಈ ಎರಡೇ ವರ್ಷಗಳಲ್ಲಿ ಅಮೆರಿಕ ಒಂದೇ 17 ಸಾವಿರಕ್ಕೂ ಹೆಚ್ಚು ಚಿರತೆ ಚರ್ಮ ತರಿಸಿಕೊಂಡಿತು. ಬೈಯಬೇಕೆನ್ನಿಸುತ್ತದೆ. ಆದರೆ ಬೀರುವಿನಲ್ಲಿರುವ ನನ್ನ ಮೈಸೂರು ರೇಷ್ಮೆ, ಆ ಗೂಡಿನೊಳಗಿನ ಹುಳು ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತೇನೆ. ಕೊನೆಗೆ 1973ರ ಮಾರ್ಚ್ 3ರಂದು ವಾಷಿಂಗ್ಟನ್ನಿನಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವಾಯಿತು, 1975ರ ಜುಲೈಯಿಂದ ಜಾರಿಗೆ ಬಂತು. ಚಿರತೆ ಅದರ ಮೊದಲನೆಯ, ಅಂದರೆ ಅತ್ಯಂತ ಬಿಗಿಯಾದ ಪಟ್ಟಿಗೆ ಸೇರಿತು. ಕೀನ್ಯಾ 1977ರಲ್ಲಿ ಬೇಟೆಯನ್ನೇ ನಿಷೇಧಿಸಿತು. ಹಾಗೆಂದು ಎಲ್ಲ ಕಡೆ ನಿಂತಿತೆಂದು ತಿಳಿಯಬೇಡಿ. ಆಫ್ರಿಕಾದ ಕೆಲವು ದೇಶಗಳಲ್ಲಿ ಲೈಸೆನ್ಸ್ ಪಡೆದು, ದುಡ್ಡು ಕಟ್ಟಿ, ಗೊತ್ತಾದ ಸಂಖ್ಯೆಯ ಚಿರತೆಗಳನ್ನು ಇಂದಿಗೂ ಹೊಡೆಯಬಹುದು. ನಾವು ಹೋದ ಜಾಂಬಿಯಾ ಕೂಡ 2013ರಲ್ಲಿ ಅದನ್ನು ನಿಲ್ಲಿಸಿ, ಎರಡು ವರ್ಷದ ಮೇಲೆ ಮತ್ತೆ ಬಿಟ್ಟಿತು.

ಕಾರ್ಬೆಟ್ ಸಾಹೇಬರ ಕಥೆ ಆಫ್ರಿಕಾದಲ್ಲೇ ಮುಗಿಯುತ್ತದೆಂಬುದು ನಿಮಗೆ ಗೊತ್ತಿತ್ತೇ? ನಮಗೆ ಸ್ವಾತಂತ್ರ್ಯ ಬಂದ 1947ರಲ್ಲೇ ಅವರು ಅಕ್ಕ ಮ್ಯಾಗಿಯೊಂದಿಗೆ ಕೀನ್ಯಾದ ನ್ಯೇರಿ ಎಂಬ ಊರಿಗೆ ಹೋಗಿ ನೆಲೆಸಿದರು. ಅಲ್ಲಿ ಟ್ರೀಟಾಪ್ಸ್ ಎಂದು ಮರದ ಮೇಲೆ ಕಟ್ಟಿದ ಒಂದು ಹೋಟೆಲಿತ್ತು, 1932ರಲ್ಲಿ ಶುರುವಾದದ್ದು. ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ 1952ರ ಫೆಬ್ರವರಿ 5ರ ರಾತ್ರಿ ಅಲ್ಲಿ ಉಳಿದಿದ್ದಾಗಲೇ ಅವಳ ತಂದೆ ತೀರಿಕೊಂಡು, ಮರ ಹತ್ತಿದ ರಾಜಕುಮಾರಿ ರಾಣಿಯಾಗಿ ಇಳಿದಳು. ಆ ರಾತ್ರಿ ಕಾವಲಿಗಿದ್ದವರು ನಮ್ಮ ರುದ್ರಪ್ರಯಾಗದ ಅದೇ ಕಾರ್ಬೆಟ್. 1955ರಲ್ಲಿ ತೀರಿಕೊಂಡ ಅವರ ಸಮಾಧಿ ನ್ಯೇರಿಯಲ್ಲಿದೆ. ಮೊದಲು ನಾನು ಕೀನ್ಯಾಕ್ಕೇ ಹೋಗೋಣವೆಂದದ್ದು ಈ ಕಾರಣಕ್ಕೆ.

ಆದರೆ ಕೀನ್ಯಾದಲ್ಲಿ ಚಿರತೆ ತೋರಿಸುವ ವಿಚಾರದಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಸಂಬುರು ಕಡೆಯ ಕೆಲವು ಲಾಡ್ಜುಗಳಲ್ಲಿ ನದಿಯ ಆಚೆ ದಡದ ಮರಕ್ಕೆ ಸಂಜೆ ಮಾಂಸದ ತುಂಡು ಕಟ್ಟುವುದು, ಚಿರತೆ ಬಂದು ತಿನ್ನುವಾಗ ದೀಪ ಹಾಕುವುದು, ಅತಿಥಿಗಳು ಈಚೆ ಕುರ್ಚಿ ಹಾಕಿಕೊಂಡು ನೋಡುವುದು. ಹೆಣ್ಣು ನೋಡುವ ಶಾಸ್ತ್ರದ ಹಾಗೆ. ನನಗೆ ಅದು ಹಿಡಿಸಲಿಲ್ಲ. ಮಾಸಾಯಿ ಮಾರಾದಲ್ಲಿ ಇಂಥದ್ದಿಲ್ಲ, ಚಿರತೆಗಳೂ ಚೆನ್ನಾಗಿ ಕಾಣುತ್ತವೆ. ಆದರೆ 2024ರಿಂದ ಅಲ್ಲಿನ ಪ್ರವೇಶ ಶುಲ್ಕವೇ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ ತಲಾ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್ ಎಂದು ಮಾಡಿದರು. ದಸರಾ ರಜೆ ಬೀಳುವುದು ಯಾವ ಅರ್ಧದಲ್ಲಿ ಎಂದು ಹೇಳಬೇಕಾಗಿಲ್ಲ. ಹಾಸಿಗೆ, ಊಟ, ಜೀಪು ಎಲ್ಲ ಅದರ ಮೇಲೆ. ಜೊತೆಗೆ ಆ ಅಭಯಾರಣ್ಯದೊಳಗೆ ಕತ್ತಲಾದ ಮೇಲೆ ತಿರುಗುವಂತಿಲ್ಲ. ಚಿರತೆ ಕೆಲಸಕ್ಕೆ ಹೊರಡುವುದೇ ಆಗ. ಟಾಂಜಾನಿಯಾದ ಸೆರೆಂಗೆಟಿಯಲ್ಲೂ ಅದೇ ನಿಯಮ. ಕಾರ್ಬೆಟ್ ಸಮಾಧಿಗೆ ದೂರದಿಂದಲೇ ಕೈಮುಗಿದೆ.

ಇನ್ನು ಕ್ರೂಗರ್. ಬೆಲೆಯನ್ನಷ್ಟೇ ನೋಡಿದರೆ ಆಫ್ರಿಕಾದಲ್ಲಿ ಅದಕ್ಕೆ ಸಮವಿಲ್ಲ. 1927ರಲ್ಲಿ ಮೊದಲ ವರ್ಷ ಬಂದವು ಮೂರೇ ಮೂರು ಕಾರು, ತಲಾ ಒಂದು ಪೌಂಡು ಶುಲ್ಕ. ಈಗ ಸರ್ಕಾರವೇ ನಡೆಸುವ ದೊಡ್ಡ ದೊಡ್ಡ ಬಿಡಾರಗಳಿವೆ. ಗುಡಿಸಲಿನಲ್ಲಿ ಒಲೆ, ಪಾತ್ರೆ, ಫ್ರಿಜ್ಜು ಇರುತ್ತವೆ. ಸ್ವಂತ ಕಾರಿನಲ್ಲಿ ಡಾಂಬರು ರಸ್ತೆಯ ಮೇಲೆ ತಿರುಗಬಹುದು, ನಮ್ಮ ಹಾಗೆ ಎಡಗಡೆಯೇ. ಸ್ಕುಕುಜಾದಿಂದ ಲೋವರ್ ಸಾಬಿಗೆ ನದಿಯ ಪಕ್ಕ ಹೋಗುವ ರಸ್ತೆ ಚಿರತೆಗೆ ಹೆಸರುವಾಸಿ. ಸೈನ್ಸ್ ಮೇಡಂ ಅಲ್ಲಿಗೇ ಎಂದು ಪಟ್ಟು ಹಿಡಿದರು, ಅವರಿಗೆ ಕಾರು ಓಡಿಸಲು ಬರುತ್ತದೆ.

ನಾನು ಸ್ಕುಕುಜಾ ಎಂದರೇನೆಂದು ಹುಡುಕಿದೆ. 1902ರಲ್ಲಿ ಆ ಕಾಡಿನ ಮೇಲ್ವಿಚಾರಣೆಗೆ ಬಂದ ಸ್ಟೀವನ್‌ಸನ್ ಹ್ಯಾಮಿಲ್ಟನ್ ಎಂಬ ಅಧಿಕಾರಿಗೆ ಅಲ್ಲಿನ ತ್ಸೊಂಗಾ ಜನ ಇಟ್ಟ ಹೆಸರು ಅದು. ‘ಗುಡಿಸಿ ಹಾಕಿದವನು’ ಎಂದರ್ಥ. ಒಳಗೆ ವಾಸವಾಗಿದ್ದ ಜನರನ್ನು ಎಬ್ಬಿಸಿ ಕಳಿಸಿದ್ದಕ್ಕೆ. ಪೊರಕೆ ನಮ್ಮ ಕೈಯಲ್ಲಿದ್ದರೆ ಮನೆ ಚೊಕ್ಕಟವಾಗುತ್ತದೆ, ಸರ್ಕಾರದ ಕೈಯಲ್ಲಿದ್ದರೆ ಊರೇ ಹೋಗುತ್ತದೆ. ಮೊದಮೊದಲು ಆತ ಚಿರತೆ, ಸಿಂಹಗಳನ್ನೂ ಪೀಡೆಯೆಂದು ಹೊಡೆಸುತ್ತಿದ್ದ, ಜಿಂಕೆಗಳು ಹೆಚ್ಚಲಿ ಎಂದು. ಜನರನ್ನು ಎಬ್ಬಿಸುವ ಕೆಲಸ ಅವನ ಕಾಲಕ್ಕೆ ನಿಲ್ಲಲಿಲ್ಲ. 1969ರಲ್ಲಿ ಉತ್ತರದ ಪಫುರಿಯಲ್ಲಿದ್ದ ಮಕುಲೆಕೆ ಜನರನ್ನು, ತಮ್ಮ ಗುಡಿಸಲುಗಳಿಗೆ ತಾವೇ ಬೆಂಕಿಯಿಡುವಂತೆ ಮಾಡಿ ಹೊರಹಾಕಿದರು. 1998ರಲ್ಲಿ ಅವರಿಗೆ ನೆಲ ವಾಪಸು ಬಂತು. ಅದನ್ನು ಉಳುಮೆಗೆ ತೆಗೆದುಕೊಳ್ಳದೆ ಅವರು ಕಾಡಾಗಿಯೇ ಉಳಿಸಿಕೊಂಡು, ಪ್ರವಾಸಿಗಳಿಂದ ಬಾಡಿಗೆ ಪಡೆಯುತ್ತಿದ್ದಾರೆ.

ಮೇಲೆ ಯಾವ ಜನ ಎಂದೆನಲ್ಲ, ಅದು ಇಲ್ಲಿ. ಈ ಅಗ್ಗದ, ಅಚ್ಚುಕಟ್ಟಾದ ಬಿಡಾರಗಳನ್ನು ಕಟ್ಟಿದ್ದು ಬಿಳಿಯರ ಸಂಸಾರಗಳಿಗಾಗಿ. ವರ್ಣಭೇದದ ಕಾಲದಲ್ಲಿ ಬಿಳಿಯರಲ್ಲದವರು ರಾತ್ರಿ ಉಳಿಯಲು ಬಲೂಲೆ ಎಂಬ ಸಣ್ಣ ಬಿಡಾರವೊಂದಿತ್ತು. ಆ ಬಿಡಾರ ಈಗಲೂ ಇದೆ, ಎಲ್ಲರಿಗೂ ತೆರೆದಿದೆ, ಕರೆಂಟಿಲ್ಲದ್ದೇ ಅದರ ಆಕರ್ಷಣೆ ಎನ್ನುತ್ತಾರೆ. ನಮ್ಮ ದೇಶ 1946ರಲ್ಲೇ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ನಿಲ್ಲಿಸಿತು, ಜಗತ್ತಿನಲ್ಲಿ ಮೊದಲು ನಿಲ್ಲಿಸಿದವರು ನಾವೇ. ವರ್ಣಭೇದ ಕೊನೆಗಾಣುವವರೆಗೆ ನಮ್ಮ ಪಾಸ್‌ಪೋರ್ಟು ಆ ದೇಶಕ್ಕೆ ಸಲ್ಲುತ್ತಲೇ ಇರಲಿಲ್ಲ. ಅಂದರೆ ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ವರ್ಷ ನನ್ನ ಬಳಿ ಎಷ್ಟೇ ದುಡ್ಡಿದ್ದರೂ ಸ್ಕುಕುಜಾದ ಗುಡಿಸಲಿನ ಬೀಗದ ಕೈ ನನಗೆ ಸಿಗುತ್ತಿರಲಿಲ್ಲ. ಹೀಗೆಲ್ಲ ಇತ್ತೆಂದು ಈಗ ಅಲ್ಲಿಗೆ ಹೋಗಬಾರದೆಂದು ನಾನು ಹೇಳುವುದಿಲ್ಲ. ಕಾರು ಓಡಿಸಲು ಬರುವ, ಸಂಸಾರ ಸಮೇತ ಹೋಗುವವರಿಗೆ ಅದಕ್ಕಿಂತ ಅಗ್ಗವಾದ ಒಳ್ಳೆಯ ಜಾಗ ಇನ್ನೊಂದಿಲ್ಲ. ಆದರೆ ಅಲ್ಲಿ ರಸ್ತೆ ಬಿಟ್ಟು ಇಳಿಯುವಂತಿಲ್ಲ, ಕತ್ತಲಾಗುವ ಮೊದಲು ಬಿಡಾರ ಸೇರಬೇಕು, ಪೊದೆಯ ಹಿಂದೆ ಚಿರತೆ ಮಲಗಿದ್ದರೆ ನಮ್ಮ ಕಣ್ಣಿಗೆ ಅದೇ ಕಬಿನಿಯ ಬಾಲ.

ಪಕ್ಕದಲ್ಲೇ ಸಾಬಿ ಸ್ಯಾಂಡ್ ಎಂಬ ಖಾಸಗಿ ಕಾಡುಗಳ ಒಕ್ಕೂಟವಿದೆ. 1993ರಲ್ಲಿ ಕ್ರೂಗರ್‌ಗೂ ಅದಕ್ಕೂ ನಡುವಿನ ಬೇಲಿ ತೆಗೆದರು. ಜಗತ್ತಿನಲ್ಲೇ ಚಿರತೆ ಅತ್ಯಂತ ಸಲೀಸಾಗಿ ಕಾಣುವ ಜಾಗ ಅದು, ಇದರಲ್ಲಿ ಎರಡು ಮಾತಿಲ್ಲ. ಅಲ್ಲಿನ ಲೊಂಡೊಲೋಜಿ ಎಂಬ ಬಿಡಾರದಲ್ಲಿ ಜಾನ್ ವಾರ್ಟಿ ಎಂಬ ಯಜಮಾನನೂ ಎಲ್ಮನ್ ಮ್ಲೊಂಗೊ ಎಂಬ ಹೆಜ್ಜೆ ಹಿಡಿಯುವವನೂ 1979ರಿಂದ ಒಂದು ಹೆಣ್ಣು ಚಿರತೆಯ ಹಿಂದೆ ಬಿದ್ದರು. ದಿನವೂ ಹೋಗುವುದು, ದೂರ ನಿಲ್ಲುವುದು, ಹತ್ತಿರ ಹೋಗದಿರುವುದು. ಹೊಸ ಸೊಸೆ ಅತ್ತೆಯ ನಂಬಿಕೆ ಗಳಿಸುವ ಹಾಗೆ ಇದು ವರ್ಷಗಟ್ಟಲೆ ನಡೆಯಿತು. ಕ್ರಮೇಣ ಅವಳು ಜೀಪಿಗೆ ಹೆದರುವುದನ್ನು ಬಿಟ್ಟಳು. ‘ತಾಯಿ ಚಿರತೆ’ ಎಂದೇ ಹೆಸರಾಯಿತು. 1991ರಲ್ಲಿ ಸಾಯುವವರೆಗೆ ಹಲವು ಸೂಲು ಮರಿ ಹಾಕಿದಳು. ಅವು ಹುಟ್ಟಿನಿಂದಲೇ ಜೀಪು ಕಂಡು ಬೆಳೆದವು. ಮಾಂಸ ಕಟ್ಟದೆ, ಬೋನಿಲ್ಲದೆ ಕಾಡಿನ ಚಿರತೆಯನ್ನು ಹೀಗೂ ನೋಡಬಹುದೆಂದು ತೋರಿಸಿದ್ದು ಆ ಹೆಣ್ಣು. ಆದರೆ ಅವಳ ಮರಿಮೊಮ್ಮಕ್ಕಳನ್ನು ನೋಡಲು ಒಂದು ರಾತ್ರಿಗೆ ಕೇಳುವ ದುಡ್ಡೇ ನಾನು ಮೊದಲು ಹೇಳಿದ ಸಂಬಳ ಸಾಲದ ದುಡ್ಡು. ಆ ಪುಟವನ್ನು ಮಡಿಸಿಟ್ಟೆವು.

ಲುವಾಂಗ್ವಾ ಎಂಬ ಹೆಸರು ನನಗೆ ದರಪಟ್ಟಿಯಿಂದ ಬರಲಿಲ್ಲ, ದೊಡ್ಡಮ್ಮನ ಮಗಳಿಂದ ಬಂತು. ಅವಳೂ ಭಾವನೂ 1973ರಿಂದ ಎಂಟು ವರ್ಷ ಜಾಂಬಿಯಾದ ಎಂಡೋಲಾ ಊರಿನಲ್ಲಿ ಮೇಷ್ಟರಾಗಿದ್ದರು. ಆ ದೇಶಕ್ಕೆ 1964ರಲ್ಲಿ ಸ್ವಾತಂತ್ರ್ಯ ಬಂದಾಗ ಪದವಿ ಪಡೆದ ಕರಿಯರು ಇಡೀ ದೇಶದಲ್ಲಿ ನೂರರ ಸುಮಾರಿಗೆ ಇದ್ದರಷ್ಟೆ. ಬ್ರಿಟಿಷರು ತಾಮ್ರ ತೆಗೆದರು, ಶಾಲೆ ಕಟ್ಟಲಿಲ್ಲ. ಹಾಗಾಗಿ ಹೊಸ ಸರ್ಕಾರ ಭಾರತದಿಂದ ಮೇಷ್ಟರುಗಳನ್ನು ಕರೆಸಿಕೊಂಡಿತು. ಅಕ್ಕ ಅಲ್ಲಿ ಲೆಕ್ಕ ಹೇಳಿಕೊಟ್ಟು ಕಳಿಸಿದ ದುಡ್ಡಿನಲ್ಲಿ ಇಲ್ಲಿ ಮೂರು ತಂಗಿಯರ ಮದುವೆಯಾಯಿತು. 1975ರ ಸುಮಾರಿಗೆ ತಾಮ್ರದ ಬೆಲೆ ಬಿದ್ದ ಮೇಲೆ ಕಳಿಸುವುದೂ ಕಷ್ಟವಾಯಿತು. ‘ಲುವಾಂಗ್ವಾ ಅಂತ ಒಂದು ಕಾಡಿತ್ತು ಕಣೇ, ಚಿರತೆ ಸಾಲುಸಾಲು ಕಾಣುತ್ತಂತೆ. ಬಿಳಿಯರು ಹೋಗ್ತಿದ್ರು. ನಾವು ಎಂಟು ವರ್ಷದಲ್ಲಿ ಒಂದು ದಿನ ಹೋಗಲಿಲ್ಲ. ಎರಡು ಜನ ಹೋಗಿಬರೋ ಖರ್ಚಿನಲ್ಲಿ ಸುಮಳ ಬಳೆ ಆಗ್ತಿತ್ತಲ್ಲ’ ಎಂದಳು. ದೂರಿನ ದನಿಯಲ್ಲಲ್ಲ, ಲೆಕ್ಕ ಒಪ್ಪಿಸುವ ದನಿಯಲ್ಲಿ.

ಆ ಕಾಡಿನ ಚರಿತ್ರೆ ಓದಿದ ಮೇಲೆ ನನಗೆ ಬೇರೆ ಕಡೆ ಮನಸ್ಸು ಹೋಗಲಿಲ್ಲ. ನಾರ್ಮನ್ ಕಾರ್ ಎಂಬುವನು 1912ರಲ್ಲಿ ಆಫ್ರಿಕಾದಲ್ಲೇ ಹುಟ್ಟಿದ ಬಿಳಿಯ. ಬೆಳೆಗೆ ನುಗ್ಗುವ ಆನೆಗಳನ್ನು ಕೊಲ್ಲುವುದೇ ಅವನ ಮೊದಲ ಸರ್ಕಾರಿ ಕೆಲಸವಾಗಿತ್ತು. 1950ರಲ್ಲಿ, ದೇಶ ಇನ್ನೂ ಉತ್ತರ ರೊಡೇಷ್ಯಾ ಆಗಿದ್ದಾಗ, ಅವನು ಕುಂದಾ ಜನಾಂಗದ ಮುಖ್ಯಸ್ಥ ಎನ್ಸೆಫು ಬಳಿಗೆ ಹೋಗಿ, ನಿಮ್ಮ ನೆಲದಲ್ಲಿ ಒಂದಿಷ್ಟನ್ನು ಪ್ರಾಣಿಗಳಿಗೆ ಬಿಡಿ, ನೋಡಲು ಬರುವವರಿಗೆ ನಾನು ಬಿಡಾರ ಹಾಕುತ್ತೇನೆ, ಬಂದ ಹಣ ನಿಮ್ಮ ಜನರಿಗೆ ಎಂದ. ಮುಖ್ಯಸ್ಥ ಒಪ್ಪಿದ. ಹಿಡಿದು ಗುಡಿಸಿ ಹಾಕುವುದಕ್ಕೂ, ಹೋಗಿ ಕೇಳುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಎನ್ಸೆಫು ಬಿಡಾರದಲ್ಲಿ ಬಂದೂಕಿನ ಬದಲು ಕ್ಯಾಮೆರಾ ಬಂತು. 1960ರ ದಶಕದಲ್ಲಿ ಅಲ್ಲೇ ಕಾಲ್ನಡಿಗೆಯ ಸಫಾರಿಯೂ ಶುರುವಾಯಿತು. 1972ರಲ್ಲಿ ದಕ್ಷಿಣ ಲುವಾಂಗ್ವಾ ರಾಷ್ಟ್ರೀಯ ಉದ್ಯಾನವಾಯಿತು. ಅಕ್ಕ ಅಲ್ಲಿಗೆ ಹೋದದ್ದು ಅದರ ಮರುವರ್ಷ. ಆ ಕಥೆಯೆಲ್ಲ ಸಿಹಿಯಲ್ಲ. ಅಲ್ಲಿದ್ದ ಸಾವಿರಾರು ಖಡ್ಗಮೃಗಗಳನ್ನು 1980ರ ದಶಕ ಮುಗಿಯುವುದರೊಳಗೆ ಕಳ್ಳಬೇಟೆಗಾರರು ನಿರ್ನಾಮ ಮಾಡಿದರು. ಅಲ್ಲಿ ಬಿಗ್ ಫೈವ್ ಎಂದು ಬರೆಯುವಂತಿಲ್ಲ, ನಾಲ್ಕೇ. ದರ ಸ್ವಲ್ಪ ಇಳಿದಿರುವುದಕ್ಕೆ ಅದೂ ಒಂದು ಕಾರಣವಿರಬಹುದೆಂದು ನನ್ನ ಊಹೆ.

ನಮಗೆ ಮುಖ್ಯವಾದದ್ದು ಎರಡು. ಒಂದು, ಲುವಾಂಗ್ವಾದಲ್ಲಿ ರಾತ್ರಿ ಎಂಟರವರೆಗೆ ದೀಪ ಹಿಡಿದು ಕಾಡಿನೊಳಗೆ ಜೀಪಿನಲ್ಲಿ ತಿರುಗಬಹುದು. ಎರಡು, ಎಂಫುವೆ ಎಂಬಲ್ಲಿನ ಸೇತುವೆಯ ಆಚೆ ಉದ್ಯಾನ, ಈಚೆ ದಡದಲ್ಲಿ ಸಾಲಾಗಿ ಸಾಮಾನ್ಯ ಬಿಡಾರಗಳು. ಉದ್ಯಾನದ ಒಳಗಿನ ಬಿಡಾರಗಳಿಗೆ ಕೊಡುವ ದುಡ್ಡಿನಲ್ಲಿ ಈಚೆ ದಡದಲ್ಲಿ ಒಂದು ವಾರ ಇರಬಹುದು. ಆನೆಗಳು ನದಿ ದಾಟಿ ಈಚೆಗೂ ಬರುತ್ತವೆ, ಗಡಿ ಅವಕ್ಕೇನು ಗೊತ್ತು. ಈ ಸಾಲಿನ ಬಿಡಾರವೊಂದು ಆ ದೇಶದ ವನ್ಯಜೀವಿ ಸಂರಕ್ಷಣಾ ಸಂಘಕ್ಕೇ ಸೇರಿದ್ದು. ಆ ಸಂಘ 1953ರಲ್ಲಿ ಹುಟ್ಟಿದಾಗ ಅದರ ಹೆಸರಿನಲ್ಲಿ ಬೇಟೆ ಎಂಬ ಪದವೂ ಇತ್ತಂತೆ. ನಾವು ಯಾವುದರಲ್ಲಿ ಇಳಿದೆವೆಂದು ಹೇಳಿದರೆ ಜಾಹೀರಾತಾದೀತು.

ಆರಿಸುವಾಗ ಕೇಳಿದ ಪ್ರಶ್ನೆಗಳನ್ನು ಹೇಳುತ್ತೇನೆ, ನಿಮಗೆ ಬೇಕಾದೀತು. ದರ ತಲೆಗೋ ಕೋಣೆಗೋ ಎಂಬುದನ್ನು ಮೊದಲು ಕೇಳಬೇಕು. ಬಹುಪಾಲು ತಲೆಗೆ, ಅದೂ ಇಬ್ಬರು ಸೇರಿ ಇದ್ದರೆ. ಒಂಟಿ ಹೆಂಗಸು ಹೋದರೆ ಒಂದೂವರೆ ಪಾಲು ಕೇಳುವವರಿದ್ದಾರೆ, ವಿಧವೆಯಾದ ಹಿಂದಿ ಮೇಡಂ ಇದನ್ನು ಓದಿ ‘ಇಲ್ಲೂ ಬಿಡಲಿಲ್ಲವಲ್ಲ’ ಎಂದರು. ಮೂರು ಮಂಚ ಹಾಕಿಕೊಡುತ್ತೀರಾ ಎಂದು ಪತ್ರ ಬರೆದದ್ದಕ್ಕೆ ಒಂದು ಬಿಡಾರ ಆಗಲಿ ಎಂದಿತು. ಉದ್ಯಾನದ ಶುಲ್ಕ ದಿನದಿನಕ್ಕೆ ಬೇರೆ, ಜೀಪು ಬೇರೆ, ಅವನ್ನು ಕೂಡಿಸಿಯೇ ಹೋಲಿಸಬೇಕು. ಅಡುಗೆಗೆ ಒಲೆ ಇದೆಯೇ ಎಂಬುದು ನಮಗೆ ಪ್ರಾಣದ ಪ್ರಶ್ನೆ. ತಿಂಗಳೂ ನೋಡಬೇಕು. ಜೂನಿನಿಂದ ಅಕ್ಟೋಬರ್ ಒಣಗಾಲ, ಪ್ರಾಣಿಗಳು ನದಿಗೇ ಬರಬೇಕು. ನವೆಂಬರಿನಿಂದ ಮಳೆ, ದರ ಇಳಿಯುತ್ತದೆ, ರಸ್ತೆಗಳು ಮುಳುಗುತ್ತವೆ, ಹುಲ್ಲಿನಲ್ಲಿ ಚಿರತೆ ಕಳೆದುಹೋಗುತ್ತದೆ. ಅಕ್ಟೋಬರಿನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಹಾಗಾಗಿ ಜನ ಕಡಿಮೆ. ರಾಯಚೂರಿನಲ್ಲಿ ಆರು ವರ್ಷ ಕೆಲಸ ಮಾಡಿದ ಸೈನ್ಸ್ ಮೇಡಂಗೆ ಅದೊಂದು ಲೆಕ್ಕವೇ?

ಇಲಾಖೆಯ ಅನುಮತಿ ಪತ್ರದ ಕಥೆ ಬೇರೆಯೇ ಒಂದು ಪ್ರಬಂಧ, ಬಿಡಿ. ಹಳದಿ ಜ್ವರದ ಸೂಜಿ ಹಾಕಿಸಿಕೊಂಡು, ಮಲೇರಿಯಾ ಮಾತ್ರೆ ಕಟ್ಟಿಕೊಂಡು, ಬೆಂಗಳೂರಿನಿಂದ ಅಡಿಸ್ ಅಬಾಬಾ, ಅಲ್ಲಿಂದ ಲುಸಾಕಾ. ಲುಸಾಕಾದಿಂದ ಎಂಫುವೆಗೆ ಸಣ್ಣ ವಿಮಾನವಿದೆ. ನಾವು ಬಸ್ಸು ಹಿಡಿದೆವು. ಇಡೀ ದಿನ ಪೂರ್ವಕ್ಕೆ ಹೋದರೆ ಚಿಪಾಟಾ, ಬ್ರಿಟಿಷರ ಕಾಲದ ಫೋರ್ಟ್ ಜೇಮ್ಸನ್. ಊರ ತುಂಬ ಗುಜರಾತಿಗಳ ಅಂಗಡಿ. ತೊಗರಿಬೇಳೆ, ಜೀರಿಗೆ, ಬೆಳ್ಳುಳ್ಳಿ ಕಟ್ಟಿಸಿಕೊಂಡೆವು. ಅಂಗಡಿಯ ಅಜ್ಜಿ ನಮ್ಮ ಸೀರೆ ನೋಡಿ ಗುಜರಾತಿಯಲ್ಲಿ ಏನೋ ಕೇಳಿದರು, ಹಿಂದಿ ಮೇಡಂ ಹಿಂದಿಯಲ್ಲಿ ಉತ್ತರಿಸಿದರು, ಇಬ್ಬರಿಗೂ ತೃಪ್ತಿಯಾಯಿತು. ಅಲ್ಲಿಂದ ಎಂಫುವೆಗೆ ಈಗ ಡಾಂಬರು ರಸ್ತೆ.

ಆ ವರ್ಷ ಜಾಂಬಿಯಾದಲ್ಲಿ ಭೀಕರ ಬರ. ಫೆಬ್ರವರಿ 29ರಂದೇ ಅಲ್ಲಿನ ಅಧ್ಯಕ್ಷರು ರಾಷ್ಟ್ರೀಯ ವಿಪತ್ತು ಎಂದು ಘೋಷಿಸಿದ್ದರು. ಹತ್ತು ಲಕ್ಷ ಹೆಕ್ಟೇರಿನಷ್ಟು ಮೆಕ್ಕೆಜೋಳ ಒಣಗಿತ್ತು. ಕರೀಬಾ ಅಣೆಕಟ್ಟಿನಲ್ಲಿ ನೀರಿಲ್ಲದೆ ಊರುಗಳಲ್ಲಿ ದಿನದ ಬಹುಹೊತ್ತು ಕರೆಂಟಿಲ್ಲ. ನಮ್ಮ ಬಿಡಾರದಲ್ಲಿ ಸೂರ್ಯನ ಬೆಳಕಿನ ದೀಪ. ಅಡುಗೆಮನೆಯ ಹೆಂಗಸು ಬಿಳಿ ಜೋಳದ ಹಿಟ್ಟಿನಲ್ಲಿ ಎನ್ಶಿಮಾ ತಿರುವುವುದನ್ನು ನೋಡಿ ನಾನು ಕೋಲು ಈಸಿಕೊಂಡೆ. ಥೇಟ್ ನಮ್ಮ ಮುದ್ದೆ, ಬಣ್ಣ ಮಾತ್ರ ಬಿಳಿ. ಬಲಗೈಯಲ್ಲಿ ಮುರಿದು, ಉಂಡೆ ಮಾಡಿ, ಸೊಪ್ಪಿನ ಪಲ್ಯಕ್ಕೆ ಅದ್ದುತ್ತಾರೆ, ಸೊಪ್ಪಿಗೆ ಕಡಲೆಕಾಯಿ ಪುಡಿ ಹಾಕುತ್ತಾರೆ. ನಾನು ಗಂಟಿಲ್ಲದೆ ತಿರುವಿದ್ದನ್ನು ಕಂಡು ಅವಳಿಗೆ ನಮ್ಮ ಮೇಲೆ ನಂಬಿಕೆ ಬಂತು. ಆ ವರ್ಷ ಅವಳ ಹೊಲದಲ್ಲಿ ಬಂದಿದ್ದ ಅಲ್ಪಸ್ವಲ್ಪವನ್ನೂ ಆನೆ ತಿಂದಿತ್ತು. ಮೆಣಸಿನಕಾಯಿ ಹೊಗೆ ಹಾಕಿ ಕಾಯುತ್ತಾರಂತೆ. ಪ್ರವಾಸಿಗಳು ಆನೆಯನ್ನು ಹೊಗಳಿದರೆ ಅವಳು ತಲೆಯೆತ್ತುತ್ತಿರಲಿಲ್ಲ, ಕೈಕೆಲಸ ಮುಂದುವರಿಸುತ್ತಿದ್ದಳು.

ಮೊದಲ ಎರಡು ಸಂಜೆ ಚಿರತೆ ಕಾಣಲಿಲ್ಲ. ಪುಕು ಎಂಬ ಕೆಂಚು ಜಿಂಕೆಗಳು, ಆ ಕಣಿವೆಯಲ್ಲಿ ಮಾತ್ರ ಇರುವ ಒಂದು ಬಗೆಯ ಜಿರಾಫೆ, ಕತ್ತೆಕಿರುಬ, ಮರಳಲ್ಲಿ ಒತ್ತಿಕೊಂಡು ಬಿದ್ದ ನೀರಾನೆಗಳು ಎಲ್ಲ ಕಂಡವು. ಮೂರನೆಯ ಸಂಜೆ ಕತ್ತಲಾಗಿ ಅರ್ಧ ಗಂಟೆಯ ಮೇಲೆ ಪುಕು ಸಿಳ್ಳೆ ಹಾಕಿದ ಹಾಗೆ ಕೂಗಿತು. ನಮ್ಮ ಗೈಡು ಜೀಪಿನ ಇಂಜಿನ್ ನಿಲ್ಲಿಸಿದ. ಸೌತೆಕಾಯಿಯಂಥ ದಪ್ಪ ಕಾಯಿ ಜೋತಾಡುವ ಮರವೊಂದಿದೆ ಅಲ್ಲಿ. ಅಕ್ಟೋಬರಿನಲ್ಲಿ ಅದರ ಕೆಂಪು ಹೂವು ಉದುರುತ್ತದೆ, ತಿನ್ನಲು ಜಿಂಕೆ ಬರುತ್ತದೆ, ಮೇಲೆ ಚಿರತೆ ಕಾಯುತ್ತದೆ. ದೀಪ ಕೊಂಬೆಯಿಂದ ಕೊಂಬೆಗೆ ಹೋಗಿ ನಿಂತಿತು. ಹೆಣ್ಣು ಚಿರತೆ. ನಾಲ್ಕು ಕಾಲು ಇಳಿಬಿಟ್ಟು ಕೊಂಬೆಯ ಮೇಲೆ ಮಲಗಿತ್ತು, ನಮ್ಮನ್ನು ನೋಡಿತು, ಆಕಳಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಜೀಪು ಬಂದು ಪಕ್ಕದಲ್ಲಿ ನಿಂತಿತು, ಒಳಗಿನ ದುಬಾರಿ ಬಿಡಾರದ್ದು, ಸೀಟಿನ ಮೇಲೆ ಕಂಬಳಿ, ಕೈಯಲ್ಲಿ ಉದ್ದ ಲೋಟ. ಹತ್ತು ಮಾರು ದೂರದಲ್ಲಿ ಅವರೂ ನಾವೂ ಅದೇ ಆಕಳಿಕೆಯನ್ನು ನೋಡಿದೆವು. ಪುಕುಗಳ ಕಣ್ಣಿಗೆ ಬೆಳಕು ಬಿದ್ದರೆ ಅವಕ್ಕೆ ಚಿರತೆ ಕಾಣದೆ ಅನ್ಯಾಯವಾಗುತ್ತದೆಂದು ಗೈಡು ದೀಪ ಆರಿಸಿದ. ಕತ್ತಲಲ್ಲಿ ಮರದ ತೊಗಟೆ ಪರಚುವ ಸದ್ದು, ಆಮೇಲೆ ಒಣ ಎಲೆಯ ಮೇಲೆ ಹೆಜ್ಜೆ. ಅದು ನಮ್ಮ ಜೀಪಿನ ಪಕ್ಕದಲ್ಲೇ ಹಾದು ಹೋಯಿತು. ಹಿಂದಿ ಮೇಡಂ ನನ್ನ ಕೈ ಹಿಡಿದಿದ್ದ ಗುರುತು ಮರುದಿನವೂ ಇತ್ತು.

ಗೈಡು ಕುಂದಾ ಜನಾಂಗದವನು. ಅವನ ತಾತ ಬೇಟೆಗಾರರ ಸಾಮಾನು ಹೊರುತ್ತಿದ್ದನಂತೆ, ಅಪ್ಪ ಕಾಲ್ನಡಿಗೆ ಸಫಾರಿಯಲ್ಲಿ ಚಹಾ ಕಾಸುತ್ತಿದ್ದನಂತೆ. ಇವನು ಪರೀಕ್ಷೆ ಬರೆದು ಗೈಡ್ ಲೈಸೆನ್ಸ್ ಪಡೆದಿದ್ದಾನೆ. ನಾವು ಮೇಷ್ಟರುಗಳೆಂದು ತಿಳಿದು, ತನಗೆ ಲೆಕ್ಕ ಹೇಳಿಕೊಟ್ಟವರಿಗೆ ಲೆಕ್ಕ ಕಲಿಸಿದವರು ಒಬ್ಬ ಭಾರತದವರು ಎಂದ. ಯಾವ ಊರಿನಲ್ಲಿ ಎಂದು ಕೇಳಿದೆ. ಎಂಡೋಲಾ ಅಲ್ಲ, ಕಬ್ವೆ.

ಊರಿಗೆ ಬಂದು ಅಕ್ಕನಿಗೆ ಫೋಟೋ ತೋರಿಸಿದೆ. ಚಿರತೆಯನ್ನು ನೋಡಿ ‘ಚೆನ್ನಾಗಿದೆ, ಬಡಕಲಾಗಿಲ್ಲ’ ಎಂದಳು. ಚಿಪಾಟಾದ ಬಸ್ ನಿಲ್ದಾಣದ ಫೋಟೋವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ ಜೋಳದ ಹಿಟ್ಟಿನ ಚೀಲ ಈಗ ಎಷ್ಟು ಕ್ವಾಚಾ ಎಂದು ಕೇಳಿದಳು. ಹೇಳಿದೆ. ‘ಅಯ್ಯೋ, ಅಷ್ಟೊಂದೇ!’ ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.